ಮರ್ಡ್‌ಸ್ಟೋನ್ ಹೆಸರಲ್ಲಿ ಕೊಲೆ ಇದೆ, ಗಪ್ಪಿ ಹೆಸರಲ್ಲಿ ಮೀನಿಲ್ಲ

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಈ ಸಲ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಪಾಠ ಮಾಡುವಾಗ ಒಬ್ಬ ಹುಡುಗ ಗೈಡ್ ತಂದು ತೋರಿಸಿದ. ಅದರಲ್ಲಿ ಪ್ರತಿ ಪಾತ್ರದ ಅಡ್ಡಹೆಸರನ್ನೂ ತುಂಡು ಮಾಡಿ ಅರ್ಥ ಕೊಟ್ಟಿದ್ದಾರೆ. ಹ್ಯಾವಿಶಂ ಅಂದರೆ 'ಹ್ಯಾವ್' ಮತ್ತು 'ಶ್ಯಾಮ್', ಸುಳ್ಳನ್ನೇ ಇಟ್ಟುಕೊಂಡವಳು. ಮ್ಯಾಗ್ವಿಚ್‌ನಲ್ಲಿ ಮಾಟಗಾತಿ ಇದ್ದಾಳೆ. ಜ್ಯಾಗರ್ಸ್ ಅಂದರೆ ಮೊನಚು. ಈಗ ಇಡೀ ಕ್ಲಾಸಿಗೆ ಇದೇ ಆಟ. ಜೋ ಗಾರ್ಜರಿ ಹೆಸರಲ್ಲಿ 'ಗಾರ್ಗಲ್' ಇದೆ, ಅವನು ಬಾಯಿ ಮುಕ್ಕಳಿಸುವವನು ಅಂತ ಒಬ್ಬ ಹುಡುಗಿ ಬರೆದಳು! ಎಲ್ಲ ಹೆಸರಿಗೂ ನಿಜವಾಗಿ ಅರ್ಥ ಇರುತ್ತದೆಯೇ? ಯಾವುದು ಲೇಖಕ ಇಟ್ಟದ್ದು, ಯಾವುದು ಗೈಡಿನವರು ಕಟ್ಟಿದ್ದು ಅಂತ ತಿಳಿಯುವುದು ಹೇಗೆ? ಇಂಗ್ಲಿಷ್ ನಮ್ಮ ಮನೆಮಾತಲ್ಲ. ಇಂಥ ಶ್ಲೇಷೆ ನಮ್ಮ ಕಿವಿಗೆ ಬೀಳುವುದೇ ಇಲ್ಲವೇನೋ ಎಂಬ ಅಳುಕೂ ಇದೆ. ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದರೆ ಅಂಕ ಕೊಡಬೇಕೆ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಹುಡುಗರು ಇಲ್ಲದ ಅರ್ಥ ಹುಡುಕುತ್ತಿದ್ದಾರೆ ಎನ್ನುವುದು ಒಂದು. ಇರುವ ಅರ್ಥ ನಮಗೇ ಕೇಳಿಸುತ್ತಿಲ್ಲವೇನೋ ಎನ್ನುವುದು ಇನ್ನೊಂದು. ಗೈಡಿನವರು ಪೂರ್ತಿ ಸುಳ್ಳು ಹೇಳಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಕಾರರು ಅಡ್ಡಹೆಸರಿನ ಜೊತೆ ಆಟ ಆಡಿದ್ದು ನಿಜ. ಡಿಕನ್ಸ್ ಅಂತೂ ಎಲ್ಲರಿಗಿಂತ ಜಾಸ್ತಿ. ಆದರೆ ಎಲ್ಲ ಹೆಸರಿನಲ್ಲೂ ಅಲ್ಲ, ಎಲ್ಲ ಕಡೆ ಒಂದೇ ಥರವೂ ಅಲ್ಲ.

ಹೆಸರನ್ನು ತುಂಡು ಮಾಡುವ ಮೊದಲು ಹುಡುಗರಿಗೆ ಒಂದು ಪ್ರಶ್ನೆ ಹಾಕಿ: ಈ ಶ್ಲೇಷೆ ಯಾರ ಕಿವಿಗೆ ಬಿದ್ದಿದೆ? ಕಾದಂಬರಿಯೊಳಗಿನ ಯಾವುದಾದರೂ ಪಾತ್ರಕ್ಕಾ? ಕಥೆ ಹೇಳುವವನಿಗಾ? ಇಲ್ಲ, ಬರೀ ನಮಗಾ?

'ಡೇವಿಡ್ ಕಾಪರ್‌ಫೀಲ್ಡ್' (1849–50) ನೋಡಿ. ಡೇವಿಡ್‌ನ ಮಲತಂದೆಯ ಹೆಸರು ಮರ್ಡ್‌ಸ್ಟೋನ್. ಇದರಲ್ಲಿ 'ಮರ್ಡರ್' ಇದೆ, ಕಲ್ಲೂ ಇದೆ ಅಂತ ಯಾವ ಗೈಡೂ ಹೇಳಿಕೊಡಬೇಕಾಗಿಲ್ಲ. ಹುಡುಗ ಲಂಡನ್ನಿನಿಂದ ಓಡಿ, ಡೋವರ್‌ನಲ್ಲಿರುವ ತನ್ನ ಅಪ್ಪನ ಸೋದರತ್ತೆ ಬೆಟ್ಸಿ ಟ್ರಾಟ್‌ವುಡ್ ಮನೆಗೆ ಬಂದು ಬೀಳುತ್ತಾನೆ. ಆಗ ಆಕೆ ಸಿಡುಕುತ್ತಾಳೆ: ಅವನ ತಾಯಿ ಎರಡನೇ ಸಲ ಹೋಗಿ ಒಬ್ಬ ಕೊಲೆಗಾರನನ್ನು ಮದುವೆಯಾದಳು, ಇಲ್ಲಾ ಅಂಥದ್ದೇ ಹೆಸರಿನ ಒಬ್ಬನನ್ನು! ಶ್ಲೇಷೆ ಪಾತ್ರದ ಬಾಯಲ್ಲೇ ಇದೆ. ಇಲ್ಲಿ ಅನುಮಾನಕ್ಕೆ ಜಾಗವಿಲ್ಲ.

'ಬ್ಲೀಕ್ ಹೌಸ್'ನಲ್ಲಿ ಇನ್ನೂ ಚೆಂದದ್ದೊಂದಿದೆ. ಕಾನೂನು ಪತ್ರಗಳನ್ನು ನಕಲು ಮಾಡಿಕೊಡುವ ಒಬ್ಬ ಬಡವ 'ನೀಮೋ' ಅಂತ ಹೆಸರು ಹೇಳಿಕೊಂಡು ಬದುಕುತ್ತಿರುತ್ತಾನೆ. ವಕೀಲ ಟಲ್ಕಿಂಗ್‌ಹಾರ್ನ್ ಅದನ್ನು ಕೇಳಿದ್ದೇ, ಲ್ಯಾಟಿನ್ನಿನಲ್ಲಿ ಅದಕ್ಕೆ 'ಯಾರೂ ಅಲ್ಲ' ಅಂತ ಅರ್ಥ ಅನ್ನುತ್ತಾನೆ. ಪತ್ರದ ಅಂಗಡಿಯ ಸ್ನ್ಯಾಗ್ಸ್‌ಬಿ ಪಾಪದವನು. ಇಂಗ್ಲಿಷಿನಲ್ಲಿ ಅದು ಯಾರೋ ಒಬ್ಬನ ಹೆಸರಿರಬೇಕು ಸ್ವಾಮಿ, ಅಂತ ಉತ್ತರ ಕೊಡುತ್ತಾನೆ. ಎರಡೇ ಮಾತು. ಒಬ್ಬನಿಗೆ ಆ ಮನುಷ್ಯ ಒಂದು ಒಗಟು, ಇನ್ನೊಬ್ಬನಿಗೆ ಒಬ್ಬ ಮನುಷ್ಯ.

ಈಗ ನಿಮ್ಮ ಪಠ್ಯಕ್ಕೇ ಬರೋಣ. 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' (1860–61) ಶುರುವಾಗುವುದೇ ಹೆಸರಿನಿಂದ. ಅಡ್ಡಹೆಸರು ಪಿರಿಪ್, ಇಟ್ಟ ಹೆಸರು ಫಿಲಿಪ್, ಎಳೆ ನಾಲಿಗೆಗೆ ಹೊರಳಿದ್ದು ಪಿಪ್ ಅಂತ ಮಾತ್ರ. 'ಪಿಪ್' ಅಂದರೆ ಹಣ್ಣಿನ ಬೀಜವೂ ಹೌದು, ಗೈಡಿನವರು ಅದನ್ನು ಹಿಡಿದಿರಬೇಕು. ಆದರೆ ಅದಕ್ಕಿಂತ ದೊಡ್ಡ ಸಂಗತಿ ಮುಂದಿದೆ. ಆಸ್ತಿ ಬರುವ ಸುದ್ದಿ ತಂದಾಗ ವಕೀಲ ಜ್ಯಾಗರ್ಸ್ ಹಾಕುವ ಮೊದಲ ಷರತ್ತೇ, ನೀನು ಯಾವಾಗಲೂ ಪಿಪ್ ಎಂಬ ಹೆಸರನ್ನೇ ಇಟ್ಟುಕೊಂಡಿರಬೇಕು ಅಂತ. ಅಂದರೆ ಎಳೆ ನಾಲಿಗೆಯ ಆ ತೊದಲು ಕಾನೂನಿನ ಷರತ್ತಾಗಿಬಿಡುತ್ತದೆ.

ಲಂಡನ್ನಿಗೆ ಬಂದ ಮೇಲೆ ಸ್ನೇಹಿತ ಹರ್ಬರ್ಟ್‌ಗೆ ಫಿಲಿಪ್ ಅಂತ ಕರೆಯುವುದು ಇಷ್ಟವಿಲ್ಲ. ಮಕ್ಕಳ ಪಾಠದ ಪುಸ್ತಕದಲ್ಲಿ ಬರುವ ನೀತಿಕಥೆಯ ಹುಡುಗನ ಹೆಸರಿನ ಹಾಗಿದೆ ಅಂತಾನೆ. ನಾವಿಬ್ಬರೂ ಇಷ್ಟು ಹೊಂದಿಕೊಂಡಿದ್ದೇವೆ, ನೀನು ಕಮ್ಮಾರನಾಗಿದ್ದವನು, ಹ್ಯಾಂಡಲ್ ಎಂಬ ಸಂಗೀತಗಾರನ 'ಹಾರ್ಮೋನಿಯಸ್ ಬ್ಲ್ಯಾಕ್‌ಸ್ಮಿತ್' ಅಂತ ಒಂದು ಸೊಗಸಾದ ರಚನೆ ಇದೆ, ಅದಕ್ಕೇ ನಿನ್ನನ್ನು ಹ್ಯಾಂಡಲ್ ಅಂತ ಕರೆಯಲೇ? ಪಿಪ್ ಖುಷಿಯಿಂದ ಒಪ್ಪುತ್ತಾನೆ. ಸ್ವಲ್ಪ ನಿಂತು ಯೋಚಿಸಿ. ಕುಲುಮೆಯ ಮಸಿ ತೊಳೆದುಕೊಂಡು ಜಂಟಲ್‌ಮನ್ ಆಗಲು ಹೊರಟ ಹುಡುಗ. ಅವನ ಹೊಸ ಲಂಡನ್ ಹೆಸರಿನೊಳಗೇ ಕಮ್ಮಾರ ಕೂತಿದ್ದಾನೆ. ಹರ್ಬರ್ಟ್ ಪ್ರೀತಿಯಿಂದ ಕೂಗಿದಾಗಲೆಲ್ಲ ಕುಲುಮೆಯನ್ನೇ ಕೂಗುತ್ತಾನೆ, ಆದರೆ ಆ ಮಾತನ್ನು ಬಾಯಿಬಿಟ್ಟು ಆಡದೆ. ಇಡೀ ಪುಸ್ತಕದಲ್ಲಿ ಹೆಸರಿನ ಆಟಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ನಿಮ್ಮ ಹುಡುಗನ ಗೈಡಿನಲ್ಲಿ ಇದಕ್ಕೆ ಎಷ್ಟು ಜಾಗ ಕೊಟ್ಟಿದ್ದಾರೆ, ನೋಡಿ.

ಪಿಪ್‌ಗೆ ಗುಟ್ಟಾಗಿ ಆಸ್ತಿ ಕೊಟ್ಟ ಕೈದಿ ಮ್ಯಾಗ್ವಿಚ್. ಅವನ ಹೆಸರಲ್ಲಿ ಮಾಟಗಾತಿ ಇದ್ದಾಳೆ ಅನ್ನುವವರು 42ನೇ ಅಧ್ಯಾಯ ಓದಬೇಕು. ಅಲ್ಲಿ ಅವನೇ ತನ್ನ ಕಥೆ ಹೇಳುತ್ತಾನೆ. ತನ್ನ ಹೆಸರು ಮ್ಯಾಗ್ವಿಚ್, ಏಬಲ್ ಮ್ಯಾಗ್ವಿಚ್ ಅಂತ ಅವನಿಗೆ ಗೊತ್ತಾದದ್ದು ಹೇಗೆ? ಬೇಲಿಯಲ್ಲಿ ಕೂರುವ ಗುಬ್ಬಿ, ಥ್ರಶ್ ಹಕ್ಕಿಗಳ ಹೆಸರು ಹೇಗೆ ಗೊತ್ತಾಯಿತೋ ಹಾಗೆ. ಎಲ್ಲ ಸುಳ್ಳೇ ಇರಬಹುದು ಅಂದುಕೊಳ್ಳುತ್ತಿದ್ದನಂತೆ, ಹಕ್ಕಿಗಳ ಹೆಸರು ಸರಿಯಾಗಿ ಹೊಂದಿದ್ದರಿಂದ ತನ್ನದೂ ನಿಜ ಇರಬೇಕು ಅಂತ ನಂಬಿದನಂತೆ. ಹೆತ್ತವರು ಯಾರೆಂದು ಗೊತ್ತಿಲ್ಲದ, ತಿನ್ನಲು ಟರ್ನಿಪ್ ಕದಿಯುತ್ತಿದ್ದ ಮಗು ತನ್ನ ಹೆಸರಿನ ಬಗ್ಗೆ ಆಡುವ ಮಾತು ಇದು. ಇದರ ಮುಂದೆ ಮಾಟಗಾತಿ ತೀರಾ ಸಪ್ಪೆ.

ಹ್ಯಾವಿಶಂ ವಿಷಯ ಬೇರೆ. 'ಹ್ಯಾವ್' ಮತ್ತು 'ಶ್ಯಾಮ್' ಕೇಳಿಸುವುದು ಹೌದು, ಎಷ್ಟೋ ವಿಮರ್ಶಕರಿಗೂ ಕೇಳಿಸಿದೆ. ಆದರೆ ಕಾದಂಬರಿಯಲ್ಲಿ ಯಾರೂ ಅದನ್ನು ಹೇಳುವುದಿಲ್ಲ. 'ಹಂ' ಅಂತ ಮುಗಿಯುವ ಊರ ಹೆಸರುಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ. ಈ ಕಥೆ ನಡೆಯುವ ಕೆಂಟ್ ಸೀಮೆಯಲ್ಲೇ ಫ್ಯಾವರ್‌ಶಂ ಅಂತ ಊರಿದೆ. ಹಾಗಾಗಿ ಕೆಂಟ್‌ನವರ ಕಿವಿಗೆ ಹ್ಯಾವಿಶಂ ಅನ್ನುವುದು ಸಹಜವಾದ ಹೆಸರು. ಆಕೆಯ ಮನೆಯ ಹೆಸರನ್ನು ಮಾತ್ರ ಸಾಕುಮಗಳು ಎಸ್ಟೆಲಾ ಬಿಡಿಸಿಯೇ ಹೇಳುತ್ತಾಳೆ: ಸ್ಯಾಟಿಸ್ ಅಂದರೆ 'ಸಾಕು'. ಈ ಮನೆ ಯಾರದೋ ಅವರಿಗೆ ಇನ್ನೇನೂ ಬೇಕಾಗದು ಎಂದು ಇಟ್ಟ ಹೆಸರದು. ಕೊಳೆತ ಮದುವೆ ಕೇಕಿನ ಜೊತೆ ಬದುಕುವ ಹೆಂಗಸಿನ ಮನೆಗೆ ಆ ಹೆಸರು! ಹಾಗಾಗಿ ಹ್ಯಾವಿಶಂ ಬಗ್ಗೆ ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ಸ್ಯಾಟಿಸ್ ಬಗ್ಗೆ ಬರೆದ ಮೇಲೆ ಬರೆಯಲಿ.

ಇನ್ನು ಕೆಲವು ತಪ್ಪು ತಿಳುವಳಿಕೆಗಳು. ಡಿಕನ್ಸ್‌ನ ವಿಚಿತ್ರ ಹೆಸರುಗಳೆಲ್ಲ ಅವನ ಕಲ್ಪನೆ ಅನ್ನುವುದು ಮೊದಲನೆಯದು. ಬಾತ್ ಊರಿನಲ್ಲಿ ಮೋಸೆಸ್ ಪಿಕ್‌ವಿಕ್ ಎಂಬ ಕುದುರೆ ಕೋಚುಗಳ ಮಾಲೀಕ ನಿಜವಾಗಿಯೂ ಇದ್ದ. 'ಪಿಕ್‌ವಿಕ್ ಪೇಪರ್ಸ್'ನಲ್ಲೇ ಪಿಕ್‌ವಿಕ್‌ನ ಆಳು ಸ್ಯಾಮ್ ವೆಲರ್ ಕೋಚಿನ ಬಾಗಿಲ ಮೇಲೆ ಆ ಹೆಸರು ನೋಡಿ, ನಮ್ಮ ಯಜಮಾನರನ್ನು ಅಣಕಿಸಿದ್ದಾರೆ ಅಂತ ಕೆಂಡವಾಗುತ್ತಾನೆ. ಫೇಗಿನ್ ಕೂಡ ನಿಜವಾದ ಹೆಸರೇ. ಡಿಕನ್ಸ್ 12 ವರ್ಷದ ಹುಡುಗನಾಗಿ ಬೂಟ್ ಪಾಲಿಷ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಬಾಬ್ ಫೇಗಿನ್ ಎಂಬ ಹುಡುಗ ಜೊತೆಗಿದ್ದ. ಡಬ್ಬಿಗೆ ಕಾಗದ ಸುತ್ತಿ ದಾರ ಕಟ್ಟುವುದನ್ನು ಕಲಿಸಿಕೊಟ್ಟವನು ಅವನು. ಡಿಕನ್ಸ್‌ಗೆ ಪಕ್ಕೆ ನೋವು ಬಂದ ದಿನ ಖಾಲಿ ಬಾಟಲಿಗಳಿಗೆ ಬಿಸಿನೀರು ತುಂಬಿ ಶಾಖ ಕೊಟ್ಟವನೂ ಅವನೇ. ಅಂಥವನ ಹೆಸರನ್ನು ಮುಂದೆ 'ಆಲಿವರ್ ಟ್ವಿಸ್ಟ್'ನ ಕಳ್ಳರ ಗುರುವಿಗೆ ಇಟ್ಟ! ಯಾಕೆ ಅಂತ ಯಾವ ನಿಘಂಟೂ ಹೇಳುವುದಿಲ್ಲ. ಆ ಕೆಲಸದ ದಿನಗಳ ಅವಮಾನದಲ್ಲಿ ಇದಕ್ಕೆ ಬೇರು ಇರಬೇಕು ಅನ್ನುವುದು ನನ್ನ ಊಹೆ.

ಡಿಕನ್ಸ್ 1855ರಿಂದ ಒಂದು ಟಿಪ್ಪಣಿ ಪುಸ್ತಕ ಇಟ್ಟುಕೊಂಡಿದ್ದ. ಅದರಲ್ಲಿ ಹೆಸರುಗಳ ಪಟ್ಟಿಯೇ ಇದೆ. ಅವುಗಳಲ್ಲಿ ಎಷ್ಟೋ ಸರ್ಕಾರದ ಶಿಕ್ಷಣ ಪಟ್ಟಿಗಳಿಂದ ಎತ್ತಿದ್ದು. ಅಂದರೆ ಅವನು ಹೆಸರುಗಳನ್ನು ಕಟ್ಟುವುದಕ್ಕಿಂತ ಜಾಸ್ತಿ ಆಯುತ್ತಿದ್ದ. ಕಟ್ಟಿದಾಗಲೂ ಅರ್ಥಕ್ಕಿಂತ ನಾದ ಮುಖ್ಯ. 'ಮಾರ್ಟಿನ್ ಚಝಲ್‌ವಿಟ್' ಕಾದಂಬರಿಯ ಹೆಸರು ಚಝಲ್‌ವಿಟ್ ಅಂತ ನಿಲ್ಲುವ ಮೊದಲು ಸ್ವೀಝಲ್‌ಡನ್, ಸ್ವೀಝಲ್‌ಬ್ಯಾಕ್, ಸ್ವೀಝಲ್‌ವ್ಯಾಗ್, ಚಝಲ್‌ಟೋ, ಚಝಲ್‌ಬಾಯ್, ಚಬಲ್‌ವಿಗ್ ಅಂತೆಲ್ಲ ಬರೆದು ನೋಡಿದ್ದಾನೆ. ಇವಕ್ಕೆ ಏನು ಅರ್ಥ ಹೇಳುತ್ತೀರಿ? ಬಾಯಲ್ಲಿ ಹಾಕಿಕೊಂಡು ರುಚಿ ನೋಡಿದ್ದಾನೆ, ಅಷ್ಟೇ.

ಸ್ಕ್ರೂಜ್ ಬಗ್ಗೆ ಒಂದು ಕಥೆ ಓಡಾಡುತ್ತದೆ. ಎಡಿನ್‌ಬರೊ ಊರಿನ ಸ್ಮಶಾನದಲ್ಲಿ ಸ್ಕ್ರಾಗಿ ಎಂಬ ಹಿಟ್ಟಿನ ವ್ಯಾಪಾರಿಯ ಸಮಾಧಿ ಕಲ್ಲನ್ನು ಡಿಕನ್ಸ್ ತಪ್ಪಾಗಿ ಓದಿ, ಹಿಟ್ಟಿನವನನ್ನು ('ಮೀಲ್ ಮ್ಯಾನ್') ಜುಗ್ಗ ('ಮೀನ್ ಮ್ಯಾನ್') ಅಂದುಕೊಂಡನಂತೆ. ಕೇಳಲು ಚೆನ್ನಾಗಿದೆ, ಆದರೆ ನಂಬಲು ಗಟ್ಟಿ ಆಧಾರವಿಲ್ಲ. ಪಾಠಕ್ಕೆ ಅದು ಬೇಡವೂ ಬೇಡ. 'ಸ್ಕ್ರೂಜ್' ಅನ್ನುವುದಕ್ಕೆ ತೀರಾ ಹತ್ತಿರದ ಒಂದು ಹಳೆಯ ಆಡುಮಾತಿಗೆ ಹಿಂಡು, ಅದುಮು ಅನ್ನುವ ಅರ್ಥವಿತ್ತು. 'ಎ ಕ್ರಿಸ್ಮಸ್ ಕ್ಯಾರಲ್'ನಲ್ಲಿ (1843) ಡಿಕನ್ಸ್ ಅವನನ್ನು ಪರಿಚಯಿಸುವ ಸಾಲಿನಲ್ಲೇ ಹಿಂಡುವ, ತಿರುಚುವ, ಕಿತ್ತುಕೊಳ್ಳುವ, ಕೆರೆಯುವ ಮುದುಕ ಅಂತ ಮಾತಿನ ಮಳೆ ಸುರಿಸಿದ್ದಾನೆ. ಸಾಕ್ಷಿ ಪುಸ್ತಕದೊಳಗೇ ಇದೆ, ಸ್ಮಶಾನಕ್ಕೆ ಯಾಕೆ ಹೋಗಬೇಕು?

ಹುಡುಗರು ಎಡವುವ ಇನ್ನೊಂದು ಜಾಗ ಕಾಲ. 'ಬ್ಲೀಕ್ ಹೌಸ್'ನಲ್ಲಿ ಗಪ್ಪಿ ಎಂಬ ಗುಮಾಸ್ತ ಬರುತ್ತಾನೆ. ಅಕ್ವೇರಿಯಂ ನೋಡಿದ ಯಾವ ಹುಡುಗನಾದರೂ, ಪುಟ್ಟ ಮೀನಿನಂಥವನು ಸರ್, ಅಂತ ಥಟ್ಟನೆ ಹೇಳುತ್ತಾನೆ. ಎಷ್ಟು ಚೆನ್ನಾಗಿ ಹೊಂದುತ್ತದೆ! ಆದರೆ ಗಪ್ಪಿ ಮೀನಿಗೆ ಆ ಹೆಸರು ಬರಲು ಕಾರಣ ಟ್ರಿನಿಡಾಡ್‌ನಿಂದ ಅದನ್ನು ಕಳಿಸಿದ ರಾಬರ್ಟ್ ಗಪ್ಪಿ. ಅವನ ಹೆಸರು ಸೇರಿಸಿ ವಿಜ್ಞಾನಿಗಳು ಮೀನಿಗೆ ಹೆಸರಿಟ್ಟದ್ದು 1866ರಲ್ಲಿ. ಕಾದಂಬರಿ ಕಂತುಗಳಲ್ಲಿ ಬಂದದ್ದು 1852–53ರಲ್ಲಿ. ಡಿಕನ್ಸ್‌ಗೆ ಗಪ್ಪಿ ಅಂದರೆ ಮೀನು ಅಂತ ಹೊಳೆಯಲು ಸಾಧ್ಯವೇ ಇರಲಿಲ್ಲ. ಹೀಗೇ ತಿರುವುಮುರುವಾದವು ಇನ್ನೂ ಇವೆ. ಇಂಗ್ಲಿಷಿನಲ್ಲಿ ಛತ್ರಿಗೆ 'ಗ್ಯಾಂಪ್' ಅನ್ನುತ್ತಿದ್ದರು. ಅದಕ್ಕೇ 'ಮಾರ್ಟಿನ್ ಚಝಲ್‌ವಿಟ್'ನ ಛತ್ರಿ ಹಿಡಿದ ಸೂಲಗಿತ್ತಿಗೆ ಗ್ಯಾಂಪ್ ಅಂತ ಹೆಸರಿಟ್ಟ ಅಂತ ಉತ್ತರ ಪತ್ರಿಕೆಗಳಲ್ಲಿ ಓದಿದ್ದೇನೆ. ನಡೆದದ್ದು ಉಲ್ಟಾ. ಅವಳಿಂದ ಛತ್ರಿಗೆ ಆ ಹೆಸರು ಬಂತು. ಒಂದು ಒಳ್ಳೆಯ ದೊಡ್ಡ ನಿಘಂಟು ತೆಗೆದು, ಪದ ಮೊದಲೋ ಪಾತ್ರ ಮೊದಲೋ ಅಂತ ನೋಡಿದರೆ ಇಂಥ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಇಷ್ಟಕ್ಕೂ ಇವರೆಲ್ಲ ಹೀಗೆ ಯಾಕೆ ಹೆಸರಿಟ್ಟರು? ಹಿಂದೆ ಒಂದು ಪರಂಪರೆ ಇತ್ತು. 1678ರ ಬನಿಯನ್ನನ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್'ನಲ್ಲಿ ಪಾತ್ರಗಳ ಹೆಸರೇ ಅವುಗಳ ಗುಣ. ನಿರಾಶೆಯೇ ಅಲ್ಲಿ ಒಬ್ಬ ದೈತ್ಯ. ಆ ಪುಸ್ತಕ 19ನೇ ಶತಮಾನದಲ್ಲೇ 'ಯಾತ್ರಿಕನ ಸಂಚಾರ' ಎಂದು ಕನ್ನಡಕ್ಕೂ ಬಂತು. ಥ್ಯಾಕರೆ ತನ್ನ 'ವ್ಯಾನಿಟಿ ಫೇರ್' (1847–48) ಎಂಬ ಹೆಸರನ್ನು ತೆಗೆದುಕೊಂಡದ್ದು ಅಲ್ಲಿಂದಲೇ. ಇಂಗ್ಲಿಷ್ ಹಾಸ್ಯ ನಾಟಕಗಳಲ್ಲೂ ಇದೇ ಪದ್ಧತಿ ಇತ್ತು.

ಆದರೆ ನನ್ನ ಕೇಳಿದರೆ ದೊಡ್ಡ ಕಾರಣ ಕಂತು. 'ಬ್ಲೀಕ್ ಹೌಸ್' ಮಾರ್ಚ್ 1852ರಿಂದ ಸೆಪ್ಟೆಂಬರ್ 1853ರವರೆಗೆ ತಿಂಗಳಿಗೊಂದು ಪುಸ್ತಿಕೆಯಾಗಿ, ಒಂದು ಶಿಲಿಂಗ್‌ಗೆ ಮಾರಾಟವಾಯಿತು. ಹತ್ತಾರು ಪಾತ್ರಗಳು. ಒಮ್ಮೆ ಕಂಡವನು ಮೂರು ತಿಂಗಳು ಬಿಟ್ಟು ಮತ್ತೆ ಬಂದರೆ ಓದುಗನಿಗೆ ನೆನಪಿರಬೇಕಲ್ಲ? ಅವನ ಹೆಸರು ಬ್ರೌನ್ ಅಂತಿದ್ದರೆ ಮರೆತೇ ಹೋಗುತ್ತದೆ. ಸ್ಮಾಲ್‌ವೀಡ್, ಟರ್ವಿಡ್ರಾಪ್ ಅಂತಿದ್ದರೆ ಮರೆಯುವುದು ಹೇಗೆ? ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುತ್ತಿದ್ದ ಕಾಲ ಅದು. ಹೆಸರು ಕಿವಿಯಲ್ಲಿ ಉಳಿಯಬೇಕಿತ್ತು.

ಇದರ ಜೊತೆ ಅಡ್ಡಹೆಸರಿನ ಸ್ವಭಾವವೇ ಒಂದು ತಮಾಷೆ. ನಿಮ್ಮ ಹಾಜರಿ ಪುಸ್ತಕ ತೆಗೆಯಿರಿ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬಡಿಗೇರ, ಹೂಗಾರ ಇದ್ದೇ ಇರುತ್ತಾರೆ. ಬಡಿಗೇರ ಬ್ಯಾಂಕಿನಲ್ಲಿರಬಹುದು, ಮೆಣಸಿನಕಾಯಿ ಸರ್ ಬೆಣ್ಣೆಯಂಥ ಮನುಷ್ಯ ಇರಬಹುದು. ದಿನಾ ಕರೆಯುವಾಗ ಅರ್ಥ ಯಾರ ನೆನಪಿಗೂ ಬರುವುದಿಲ್ಲ. ಅವರು ಸಿಟ್ಟಿಗೆದ್ದ ದಿನ ಮಾತ್ರ ಹಿಂದಿನ ಬೆಂಚಿನವನೊಬ್ಬ ಹೆಸರು ಹಿಡಿದು ನಗುತ್ತಾನೆ. ಇಂಗ್ಲೆಂಡಿನ ಸ್ಮಿತ್, ಬೇಕರ್, ಕೂಪರ್‌ಗಳದೂ ಇದೇ ಕಥೆ. ಕಾದಂಬರಿಕಾರ ಆ ಹಿಂದಿನ ಬೆಂಚಿನವನ ಕೆಲಸ ಮಾಡುತ್ತಾನೆ.

ಅದನ್ನು ಅತಿಯಾಗಿ ಮಾಡಿದರೆ ಕೆಡುತ್ತದೆ. ಟ್ರಾಲೋಪ್‌ನ 'ಬಾರ್ಚೆಸ್ಟರ್ ಟವರ್ಸ್'ನಲ್ಲಿ (1857) 14 ಮಕ್ಕಳ ಬಡ ಪಾದ್ರಿಯೊಬ್ಬನಿದ್ದಾನೆ. ಹೆಸರು ಕ್ವಿವರ್‌ಫುಲ್, ಅಂದರೆ ತುಂಬಿದ ಬತ್ತಳಿಕೆ. ಮಕ್ಕಳು ಬಾಣಗಳಿದ್ದಂತೆ, ಬತ್ತಳಿಕೆ ತುಂಬಿದವನು ಧನ್ಯ ಎನ್ನುವ ಬೈಬಲ್‌ನ 127ನೇ ಕೀರ್ತನೆಯಿಂದ ಬಂದದ್ದು. ಅವನದೇ ಪುಸ್ತಕಗಳಲ್ಲಿ ಫಿಲ್‌ಗ್ರೇವ್ ಎಂಬ ಡಾಕ್ಟರ್ ಇದ್ದಾನೆ, ಸಮಾಧಿ ತುಂಬಿಸುವವನು. ಕಾದಂಬರಿಕಾರ ಹೆನ್ರಿ ಜೇಮ್ಸ್ 1883ರಲ್ಲಿ ಟ್ರಾಲೋಪ್ ಬಗ್ಗೆ ಬರೆಯುತ್ತಾ ಇದಕ್ಕೆ ತಕರಾರು ಮಾಡಿದ. ಆ ಹೆಸರನ್ನೂ ನಂಬಬಹುದು, ಆ ಮಕ್ಕಳನ್ನೂ ನಂಬಬಹುದು, ಎರಡೂ ಒಟ್ಟಿಗೆ ಬಂದರೆ ನಂಬಲಾಗದು ಅಂದ. ಜೇಮ್ಸ್ ಮಾತಿನಲ್ಲಿ ನ್ಯಾಯವಿದೆ. ಆದರೂ ಕ್ವಿವರ್‌ಫುಲ್ ಹೆಂಡತಿ ಆ 14 ಮಕ್ಕಳ ಹೊಟ್ಟೆಗಾಗಿ ಬಿಷಪ್ಪನ ಮನೆಗೆ ಹೋಗಿ ಕೆಲಸ ಬೇಡುವ ಅಧ್ಯಾಯ ಓದುವಾಗ ನನಗೆ ಹೆಸರಿನ ಜೋಕು ಮರೆತೇ ಹೋಗುತ್ತದೆ.

ಗೈಡುಗಳು ಮುಟ್ಟದ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ ಬೇರೆಯೇ ಇದೆ: ಹೆಸರಿಡುವ ಹಕ್ಕು ಯಾರದು? 'ಆಲಿವರ್ ಟ್ವಿಸ್ಟ್'ನಲ್ಲಿ ಅನಾಥ ಮಕ್ಕಳಿಗೆ ಚರ್ಚ್ ಆಡಳಿತದ ನೌಕರ ಬಂಬಲ್ ಅಕ್ಷರಮಾಲೆಯ ಪ್ರಕಾರ ಹೆಸರಿಡುತ್ತಾನೆ. ಹಿಂದಿನ ಮಗು ಸ್ವಬಲ್, ಇದು ಟ್ವಿಸ್ಟ್, ಮುಂದೆ ಬರುವುದು ಅನ್‌ವಿನ್, ಅದರ ಮುಂದಿನದು ವಿಲ್ಕಿನ್ಸ್. ಝಡ್‌ವರೆಗೂ ತಯಾರಿದೆ, ಮುಗಿದರೆ ಮತ್ತೆ ಎ ಇಂದ! ಕೇಳಿದ ಹೆಂಗಸು, ನೀವು ದೊಡ್ಡ ಸಾಹಿತಿಯೇ ಬಿಡಿ, ಅಂತ ಮೆಚ್ಚುತ್ತಾಳೆ. ಡಿಕನ್ಸ್ ಇಲ್ಲಿ ತನ್ನನ್ನೂ ಸ್ವಲ್ಪ ಗೇಲಿ ಮಾಡಿಕೊಂಡಿದ್ದಾನೆ. 'ಲಿಟಲ್ ಡಾರಿಟ್'ನಲ್ಲಿ ಒಳ್ಳೆಯ ಮನಸ್ಸಿನ ಮೀಗಲ್ಸ್ ದಂಪತಿ ಅನಾಥಾಲಯದ ಹ್ಯಾರಿಯೆಟ್ ಎಂಬ ಹುಡುಗಿಯನ್ನು ತಂದು ಮನೆಗೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಹ್ಯಾರಿಯೆಟ್ ಹೋಗಿ ಟ್ಯಾಟಿ ಆಗುತ್ತದೆ, ಅನಾಥಾಲಯ ಕಟ್ಟಿಸಿದ ಥಾಮಸ್ ಕೋರಂ ಹೆಸರು ಸೇರಿ ಟ್ಯಾಟಿಕೋರಂ. ಅವರಿಗೆ ಅದು ಮುದ್ದು. ಅವಳು ಒಂದು ದಿನ ಸಿಡಿದೇಳುತ್ತಾಳೆ. ನಾಯಿಗೋ ಬೆಕ್ಕಿಗೋ ಇಟ್ಟ ಹಾಗೆ ನನಗೆ ಹೆಸರಿಡಲು ನೀವ್ಯಾರು? 'ಹಾರ್ಡ್ ಟೈಮ್ಸ್'ನ (1854) ಗ್ರ್ಯಾಡ್‌ಗ್ರೈಂಡ್ ಕ್ಲಾಸಿನಲ್ಲಿ ಸಿಸಿ ಜೂಪ್‌ಗೆ ಮೊದಲು ಹೇಳುವುದೇ, ಸಿಸಿ ಒಂದು ಹೆಸರೇ ಅಲ್ಲ ಅಂತ. ಅದಕ್ಕೂ ಮುಂಚೆ ಅವಳು 20ನೇ ನಂಬರಿನ ಹುಡುಗಿ. 'ಗ್ರೈಂಡ್' ಅಂದರೆ ಅರೆಯುವುದು ಅಂತ ಹೇಳಿ ಮುಂದೆ ಹೋದರೆ ಇದೆಲ್ಲ ತಪ್ಪಿಹೋಗುತ್ತದೆ.

ಹಾರ್ಡಿಯ 'ಟೆಸ್' (1891) ಇಡೀ ಕಥೆಯೇ ಒಂದು ಅಡ್ಡಹೆಸರಿನ ಮೇಲೆ ನಿಂತಿದೆ. ಡರ್ಬಿಫೀಲ್ಡ್ ಅನ್ನುವುದು ಡರ್ಬರ್‌ವಿಲ್ ಎಂಬ ಹಳೆಯ ಶ್ರೀಮಂತ ಮನೆತನದ ಹೆಸರು ಸವೆದು ಆದದ್ದು ಅಂತ ಪಾದ್ರಿಯೊಬ್ಬ ದಾರಿಯಲ್ಲಿ ಸುಮ್ನೆ ಹೇಳಿಬಿಡುತ್ತಾನೆ. ಬಡ ಅಪ್ಪನ ತಲೆ ತಿರುಗುತ್ತದೆ. ಮಗಳನ್ನು ಡರ್ಬರ್‌ವಿಲ್ ನೆಂಟರ ಮನೆಗೆ ಕಳಿಸುತ್ತಾರೆ. ಆ ನೆಂಟರು ನೆಂಟರೇ ಅಲ್ಲ. ಅವರ ನಿಜವಾದ ಹೆಸರು ಸ್ಟೋಕ್. ದುಡ್ಡು ಮಾಡಿದ ಸೈಮನ್ ಸ್ಟೋಕ್ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತು, ನಿರ್ನಾಮವಾದ ಮನೆತನಗಳ ಪುಸ್ತಕ ತಿರುವಿ, ಚೆನ್ನಾಗಿ ಕೇಳಿಸುವ ಒಂದು ಹೆಸರು ಆರಿಸಿಕೊಂಡಿದ್ದ. ರಕ್ತ ಇರುವವರ ಹೆಸರು ಸವೆದಿದೆ, ಹೆಸರು ಇರುವವರದು ಸ್ಟೋಕ್ ರಕ್ತ. ಇದೂ ಹೆಸರಿನ ಆಟವೇ, ಆದರೆ ಯಾರಿಗೂ ನಗು ಬರುವುದಿಲ್ಲ.

ಲೇಖಕರೇ ಪುಸ್ತಕದ ಹೊರಗೆ ಹೇಳಿದ್ದೂ ಉಂಟು, ಅಪರೂಪಕ್ಕೆ. 'ವಿಲೆಟ್' (1853) ಕಾದಂಬರಿಯ ನಾಯಕಿ ಲೂಸಿ ಸ್ನೋ ಬಗ್ಗೆ ಶಾರ್ಲಟ್ ಬ್ರಾಂಟಿ ಪ್ರಕಾಶಕರಿಗೆ ಪತ್ರ ಬರೆದಿದ್ದಾಳೆ. ಮೊದಲು ಸ್ನೋ ಅಂತ ಇಟ್ಟು, ಆಮೇಲೆ ಫ್ರಾಸ್ಟ್ ಅಂತ ಬದಲಿಸಿ, ಮತ್ತೆ ಸ್ನೋ ಬೇಕು ಅನ್ನಿಸಿತಂತೆ. ಅವಳಿಗೆ ತಣ್ಣನೆಯ ಹೆಸರೇ ಬೇಕು ಅನ್ನುತ್ತಾಳೆ. ಕಾರಣಗಳು ಎರಡು. ಅವಳು ಹೊರಗೆ ತಣ್ಣಗಿದ್ದಾಳೆ ಅನ್ನುವುದು ಒಂದು. ಇಲ್ಲದ ಗುಣದಿಂದ ಹೆಸರು ಬರುವ ಹಳೆಯ ಲ್ಯಾಟಿನ್ ಸೂತ್ರ ಇನ್ನೊಂದು. ಅಂದರೆ ಒಂದೇ ಹೆಸರು ಹೊಂದುತ್ತದೆ, ಹೊಂದುವುದೂ ಇಲ್ಲ! ಹೆಸರಿನ ಅರ್ಥವೇ ಪಾತ್ರದ ಗುಣ ಅನ್ನುವ ಗೈಡಿನ ಲೆಕ್ಕಾಚಾರ ಈ ಪತ್ರದ ಮುಂದೆ ನಿಲ್ಲುವುದಿಲ್ಲ.

ಕಿವಿಯ ಅಳುಕಿನ ಬಗ್ಗೆ ಕೇಳಿದಿರಿ. ನಮ್ಮ ತೊಂದರೆ ನಿಜವಾಗಿ ಇಂಗ್ಲಿಷ್ ಮನೆಮಾತಲ್ಲ ಅನ್ನುವುದಲ್ಲ. ನಾವು ಕಣ್ಣಿನಿಂದ ಓದುತ್ತೇವೆ, ಅವರು ಕಿವಿಗೆ ಬರೆದರು. ನಿಮ್ಮ ಹುಡುಗಿ ಗಾರ್ಜರಿಯಲ್ಲಿ ಗಾರ್ಗಲ್ ಕಂಡದ್ದು ಸ್ಪೆಲ್ಲಿಂಗ್ ನೋಡಿ. ಬಾಯಲ್ಲಿ ಅಂದಿದ್ದರೆ ಜಕಾರ ಬಂದು ಅದು ತಾನಾಗಿ ಬಿದ್ದುಹೋಗುತ್ತಿತ್ತು. ಥ್ಯಾಕರೆಯ ಲಾರ್ಡ್ ಸ್ಟೇನ್ ಹೆಸರನ್ನು ಕಾಗದದ ಮೇಲೆ ನೋಡಿದರೆ ಏನೂ ಇಲ್ಲ, ಬಾಯಲ್ಲಿ ಅಂದಾಗ ಬಟ್ಟೆಗೆ ಹತ್ತುವ 'ಕಲೆ' ಅಂತ ಕೇಳಿಸುತ್ತದೆ. 'ನಿಕೊಲಸ್ ನಿಕಲ್‌ಬಿ'ಯ ಲಾರ್ಡ್ ವೆರಿಸಾಫ್ಟ್ ಹೆಸರಿನ ಸ್ಪೆಲ್ಲಿಂಗ್ ಭಾರಿ ಖಾನದಾನಿ, ಬಾಯಲ್ಲಿ 'ತುಂಬಾ ಮೆತ್ತಗೆ'. ಜೇನ್ ಐರ್ ತನ್ನ ಹೆಸರು ಹೇಳಿದಾಗ ಫ್ರೆಂಚ್ ಹುಡುಗಿ ಅಡೇಲ್‌ಗೆ ಅದು ನಾಲಿಗೆಗೇ ಹತ್ತುವುದಿಲ್ಲ. ಗಾಳಿ, ವಾರಸುದಾರಳು ಎಂಬ ಅರ್ಥದ, 'ಏರ್' ಅಂತಲೇ ಕೇಳಿಸುವ ಎರಡು ಇಂಗ್ಲಿಷ್ ಪದಗಳ ಪಕ್ಕದಲ್ಲೇ ಆ ಹೆಸರು ಕೂತಿದೆ. ಕೊನೆಗೆ ಅವಳಿಗೆ 20,000 ಪೌಂಡ್ ಆಸ್ತಿಯೂ ಬರುತ್ತದೆ. ಆದರೆ ಎಚ್ಚರ: ಬ್ರಾಂಟಿ 1845ರಲ್ಲಿ ಹ್ಯಾದರ್‌ಸೇಜ್ ಊರಿಗೆ ಹೋಗಿದ್ದಳು, ಅಲ್ಲಿನ ಚರ್ಚಿನಲ್ಲಿ ಐರ್ ಮನೆತನದವರ ಹಿತ್ತಾಳೆಯ ಸ್ಮಾರಕಗಳಿವೆ. ಹೆಸರು ಅಲ್ಲಿಂದ ಬಂದಿರಬಹುದು, ನಾದ ಆಮೇಲೆ ಕೆಲಸ ಮಾಡಿರಬಹುದು. ಎರಡೂ ಒಟ್ಟಿಗೆ ನಿಜ ಇರಬಹುದಲ್ವಾ?

ಇನ್ನೊಂದು ಸಮಾಧಾನ. ಇವತ್ತಿನ ಇಂಗ್ಲೆಂಡಿನ ಹುಡುಗರಿಗೂ ಕ್ವಿವರ್‌ಫುಲ್ ಅಂದರೆ ಅಡಿಟಿಪ್ಪಣಿ ಬೇಕು. ಬೈಬಲ್ ಓದುವ ಅಭ್ಯಾಸ ಹೋಯಿತು. ಬತ್ತಳಿಕೆ ನಮಗೆ ಅವರಿಗಿಂತ ಹತ್ತಿರ.

ಹಾಗಾದರೆ ಕ್ಲಾಸಿನಲ್ಲಿ ಏನು ಮಾಡಬಹುದು? ಹೆಸರು ಮತ್ತು ಅರ್ಥದ ಪಟ್ಟಿ ಬರೆಸಿಬಿಡುವುದು ಸುಲಭ. ಹುಡುಗರಿಗೆ ಧೈರ್ಯ ಬರುತ್ತದೆ. ಆದರೆ ಪಟ್ಟಿ ಸಿಕ್ಕ ಮೇಲೆ ಅವರು ಕಾದಂಬರಿ ತೆರೆಯುವುದಿಲ್ಲ, ಇದು ನಾನು ಮತ್ತೆ ಮತ್ತೆ ನೋಡಿದ್ದು. ಅವರ ಪಾಡಿಗೆ ಬಿಟ್ಟರೆ ಕ್ಲಾಸು ಜೀವಂತ ಇರುತ್ತದೆ, ಗಾರ್ಗಲ್‌ಗಳೂ ಹುಟ್ಟುತ್ತವೆ. ಪುಸ್ತಕದಲ್ಲಿ ಸಾಕ್ಷಿ ಇದ್ದರೆ ಮಾತ್ರ ಒಪ್ಪುತ್ತೇನೆ ಅಂತ ಕಟ್ಟುನಿಟ್ಟು ಮಾಡಿದರೆ ಗ್ರ್ಯಾಡ್‌ಗ್ರೈಂಡ್, ಮಕ್ಕಳ ಕತ್ತು ಹಿಸುಕುವ ಮೇಷ್ಟ್ರು ಮಕ್‌ಚೋಕಮ್‌ಚೈಲ್ಡ್ ಎಲ್ಲ ಹೊರಗೆ ಹೋಗುತ್ತಾರೆ. ಕಾದಂಬರಿಯಲ್ಲಿ ಆ ಹೆಸರು ಕೇಳಿ ಯಾರೂ ನಗುವುದಿಲ್ಲ, ಆದರೂ ಅವು ಬೇಕೆಂದೇ ಇಟ್ಟವು ಅನ್ನುವುದು ಕುರುಡನಿಗೂ ಗೊತ್ತಾಗುತ್ತದೆ. ನಾನಾದರೆ ಹೆಸರನ್ನು ಮೊದಲು ಗಟ್ಟಿಯಾಗಿ ಓದಿಸುತ್ತೇನೆ. ಏನು ಕೇಳಿಸಿತು ಅಂತ ಕೇಳುತ್ತೇನೆ. ಆಮೇಲೆ, ಪುಸ್ತಕದಲ್ಲಿ ಇದಕ್ಕೆ ಹೂಂ ಅನ್ನುವ ಒಂದು ದೃಶ್ಯ ತೋರಿಸು ಅನ್ನುತ್ತೇನೆ. ಸಿಗದಿದ್ದರೆ ಊಹೆ ತಪ್ಪಲ್ಲ, ಊಹೆ ಅಂತ ಉಳಿಯುತ್ತದೆ ಅಷ್ಟೇ.

ಪರೀಕ್ಷೆಯ ವಿಷಯದಲ್ಲೂ ಇದನ್ನೇ ಹಿಡಿಯಿರಿ. 'ಡಿಕನ್ಸ್ ಹೀಗೆ ಉದ್ದೇಶಿಸಿದ' ಅಂತ ಬರೆದರೆ ಸಾಕ್ಷಿ ಕೊಡಬೇಕು. 'ಹೆಸರು ಹೀಗೆ ಕೇಳಿಸುತ್ತದೆ' ಅಂತ ಬರೆದರೆ ಓದುಗನಾಗಿ ಮಾತಾಡಿದ ಹಾಗೆ, ಅದನ್ನು ಯಾರೂ ತಪ್ಪು ಅನ್ನಲಾರರು. ಬರೀ ತುಂಡು ಮಾಡಿ ಬಿಟ್ಟದ್ದಕ್ಕೆ ಒಂದು ಅಂಕ ಸಾಕು. ಒಂದು ಅಪಾಯ ಮಾತ್ರ ಇದೆ. ಹೊರಗಿನ ಮೌಲ್ಯಮಾಪಕರ ಕೈಯಲ್ಲಿ ಅದೇ ಗೈಡಿನಿಂದ ಮಾಡಿದ ಕೀ ಆನ್ಸರ್ ಇರಬಹುದು. ಹಾಗಾಗಿ ಹುಡುಗರಿಗೆ ಹ್ಯಾವಿಶಂ ಬಿಡಿಸಿದ ಒಂದು ಸಾಲನ್ನೂ ಬರೆಯಲು ಹೇಳಿ, ಅದರ ಬೆನ್ನಿಗೇ ಸ್ಯಾಟಿಸ್ ದೃಶ್ಯದ ಎರಡು ಸಾಲು. ಯಾವ ಕೀ ಹಿಡಿದವರೂ ಅದಕ್ಕೆ ಅಂಕ ಕಡಿಯುವುದಿಲ್ಲ.

ಪ್ರಶ್ನೆಪತ್ರಿಕೆ ನೀವೇ ತೆಗೆಯುವುದಾದರೆ 'ಪಾತ್ರಗಳ ಹೆಸರಿನ ಅರ್ಥ ವಿವರಿಸಿ' ಅಂತ ಕೇಳಬೇಡಿ, ಗೈಡ್ ಬಾಯಿಪಾಠ ಬರುತ್ತದೆ. ಹರ್ಬರ್ಟ್ ಪಿಪ್‌ನನ್ನು ಹ್ಯಾಂಡಲ್ ಅಂತ ಕರೆಯುವುದು ಯಾಕೆ, ಜ್ಯಾಗರ್ಸ್ ಮೂಲಕ ಮ್ಯಾಗ್ವಿಚ್ ಹಾಕಿದ ಷರತ್ತಿಗೂ ಈ ಹೊಸ ಹೆಸರಿಗೂ ಏನು ತಾಕಲಾಟ ಅಂತ ಕೇಳಿ ನೋಡಿ. 22ನೇ ಅಧ್ಯಾಯ ಓದದವರು ಉತ್ತರ ಬರೆಯಲಾರರು.